ಎರಡಿಂಚಿನ ದಯೆ

ನಮ್ಮ ಅತ್ತಿಗೆ ಹೊಲಿಗೆಯವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಅವಳ ಅಂಗಡಿ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಪರದೆ ಕಟ್ಟಿದ ಮೂಲೆ, ಆ ಮೂಲೆಯಲ್ಲಿ ಉದ್ದನೆಯ ಕನ್ನಡಿ. ಕನ್ನಡಿ ಸ್ವಲ್ಪ ಹಿಂದಕ್ಕೆ ವಾಲಿದೆ. ಹಾಗೆ ವಾಲಿಸಿದರೆ ನಿಂತವರು ತೆಳ್ಳಗೆ ಕಾಣುತ್ತಾರೆ ಎಂಬುದು ಅತ್ತಿಗೆ ಅಂಗಡಿ ಹಾಕಿದ ಹೊಸದರಲ್ಲಿ ಕಲಿತ ವಿದ್ಯೆ. ಅದಾದ ಮೇಲೆ ಕಲಿತದ್ದು ಎರಡಿಂಚಿನ ವಿದ್ಯೆ.

ಅಳತೆ ತೆಗೆಯುವಾಗ ಅತ್ತಿಗೆ ಟೇಪು ಸುತ್ತಿ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಾಳೆ. ಮುಂದಿನ ಮೇಜಿನಲ್ಲಿ ಕೂತ ಅಮ್ಮ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ. ನನಗೆ ಅಮ್ಮ, ಅತ್ತಿಗೆಗೆ ಅತ್ತೆ. ಸೊಂಟದ ಅಳತೆ ಬಂದಾಗ ಮಾತ್ರ ಅತ್ತಿಗೆ ಎರಡಿಂಚು ಕಡಿಮೆ ಹೇಳುತ್ತಾಳೆ, ಅಮ್ಮ ಎರಡಿಂಚು ಸೇರಿಸಿ ಬರೆಯುತ್ತಾಳೆ. ಗಿರಾಕಿಗೂ ಸಂತೋಷ, ಬಟ್ಟೆಗೂ ನ್ಯಾಯ. ಅತ್ತೆ ಸೊಸೆ ಒಂದೇ ಮನಸ್ಸಿನಿಂದ ಮಾಡುವ ಕೆಲಸ ಇದೊಂದೇ ಎಂದು ಬೀಗದವನು ಹೇಳುತ್ತಾನೆ. ಅದು ಪೂರ್ತಿ ನಿಜವಲ್ಲ. ಅವನನ್ನು ಬೈಯುವಾಗಲೂ ಇಬ್ಬರ ಮನಸ್ಸು ಒಂದೇ ಆಗಿರುತ್ತದೆ.

ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ಅವಳ ಜಾಗದಲ್ಲಿ ಕೆಲವು ದಿನ ಅಣ್ಣ ಕೂತ. ಅಣ್ಣ ಶಾಲೆಯ ಬಸ್ಸು ಓಡಿಸುತ್ತಾನೆ. ಕೆಂಪು ದೀಪ ಕಂಡರೆ ಖಾಲಿ ರಸ್ತೆಯಲ್ಲೂ ನಿಲ್ಲುವ ಮನುಷ್ಯ. ಎರಡಿಂಚಿನ ವಿಷಯವನ್ನು ಅವನಿಗೆ ಹೇಳಲು ಇಬ್ಬರೂ ಮರೆತಿದ್ದರು. ಬ್ಯಾಂಕಿನ ಕಾವಲುಗಾರ ಸಮವಸ್ತ್ರ ಹೊಲಿಸಲು ಬಂದ, ಅತ್ತಿಗೆ ಅಂಕಿ ಹೇಳಿದಳು, ಅಣ್ಣ ಹೇಳಿದ್ದನ್ನು ಹೇಳಿದ ಹಾಗೆ ಬರೆದ. ಹೊಸ ಅಂಗಿ ಹಾಕಿಕೊಂಡು ಕಾವಲುಗಾರ ಮ್ಯಾನೇಜರಿಗೆ ಮೊದಲ ಸಲ್ಯೂಟ್ ಹೊಡೆದಾಗ ಹೊಟ್ಟೆಯ ಮೇಲಿನ ಗುಂಡಿ ಹಾರಿ ಮೇಜಿನ ಗಾಜಿಗೆ ಬಡಿಯಿತಂತೆ. ಬ್ಯಾಂಕಿನಲ್ಲಿ ಇಬ್ಬರು ಮೇಜಿನ ಕೆಳಗೆ ಅವಿತುಕೊಂಡರಂತೆ.

"ನೀನು ಹೇಳಿದ್ದನ್ನೇ ಬರೆದೆ. ನನ್ನ ತಪ್ಪೇನು?" ಎಂದ ಅಣ್ಣ.

"ಅದೇ ತಪ್ಪು," ಎಂದಳು ಅತ್ತಿಗೆ.

ಅಂಗಡಿಗೆ ದೊಡ್ಡ ಗಿರಾಕಿ ಬೀದಿಯ ಕೊನೆಯಲ್ಲಿರುವ ಹೆರಿಗೆ ಆಸ್ಪತ್ರೆ. ಡಾಕ್ಟರುಗಳ ಬಿಳಿ ಕೋಟು, ಸಿಸ್ಟರುಗಳ ಸಮವಸ್ತ್ರ, ಕಸ ಗುಡಿಸುವವರ ನೀಲಿ ಅಂಗಿ, ಎಲ್ಲ ಇಲ್ಲೇ ಹೊಲಿದು, ಇಲ್ಲೇ ಬಿಡಿಸಿ, ಮತ್ತೆ ಇಲ್ಲೇ ಅಗಲ ಮಾಡಿದ್ದು. ತೆಳ್ಳಗಾಗಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಆಸ್ಪತ್ರೆ ವರ್ಷದಿಂದ ವರ್ಷಕ್ಕೆ ಎಷ್ಟು ಅಗಲವಾಗುತ್ತಿದೆ ಎಂದು ತಿಳಿದವಳು ಅತ್ತಿಗೆ ಒಬ್ಬಳೇ. ಆದರೆ ಅವಳು ಬಾಯಿ ಬಿಡುವವಳಲ್ಲ.

ಅತ್ತಿಗೆಯೇ ದಪ್ಪ. ನಾವು ಮನೆಯವರು ಮೈ ತುಂಬಿಕೊಂಡಿದ್ದಾಳೆ ಎನ್ನುತ್ತೇವೆ. ಆಸ್ಪತ್ರೆಯ ಕಾರ್ಡಿನಲ್ಲಿ ಬೊಜ್ಜು ಎಂದು ಬರೆದು ಕೆಳಗೆ ಗೆರೆ ಎಳೆದರು. ಅವಳಿಗೆ ಅದರಿಂದ ನಾಚಿಕೆಯೇನೂ ಇರಲಿಲ್ಲ. ಊರಿನಲ್ಲಿ ಅವಳು ಎರಡಿಂಚು ಬಿಡದೆ ಅಳೆಯುತ್ತಿದ್ದುದು ತನ್ನ ಸೊಂಟವೊಂದನ್ನೇ. ಹೆದರಿಕೆ ಇದ್ದದ್ದು ಬೇರೆಯದಕ್ಕೆ. ಮದುವೆಯಾಗಿ ಬಹಳ ಕಾಲಕ್ಕೆ ಬಸುರಾಗಿದ್ದಳು. ಹಿಂದೊಂದು ಸಲ ಮೂರನೆಯ ತಿಂಗಳಲ್ಲೇ ಕೈತಪ್ಪಿತ್ತು. ಈ ಸಲ ಮಗು ನಿಲ್ಲಬೇಕು, ಬೆಳೆಯಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದಕ್ಕಾಗಿ ಯಾರು ಏನು ಹೇಳಿದರೂ ಕೇಳಲು ತಯಾರಿದ್ದಳು. ಹೇಳುವವರಿಗೂ ಬರವಿರಲಿಲ್ಲ.

ಇಬ್ಬರ ಊಟ ಮಾಡಬೇಕು ಎಂದು ಅಮ್ಮ ಹೇಳಿದಳು. ಬೀಗದವನು ತನ್ನ ತಂಗಿ ಬಸುರಿನಲ್ಲಿ ಬರೀ ಹಣ್ಣು ತಿಂದಳು, ಮಗು ಬೆಳ್ಳಗೆ ಹುಟ್ಟಿತು ಎಂದ. ಅವನ ತಂಗಿ ಮೊದಲೇ ಬೆಳ್ಳಗಿದ್ದಳು ಎಂದು ಅಮ್ಮ ನೆನಪು ಮಾಡಿಕೊಟ್ಟಳು. ಹಲ್ಲಿನ ಡಾಕ್ಟರು ಸಿಹಿ ಬಿಡಿ ಎಂದರು, ಆದರೆ ಅವರು ಅದನ್ನು ಬೀದಿಯಲ್ಲಿ ಹೋಗುವ ನಾಯಿಗೂ ಹೇಳುತ್ತಿದ್ದರು.

ಮೊದಲ ತಪಾಸಣೆಗೆ ಅತ್ತಿಗೆಯ ಜೊತೆ ಚೀಲ ಹಿಡಿದುಕೊಂಡು ನಾನು ಹೋಗಿದ್ದೆ. ಆ ಆಸ್ಪತ್ರೆಯಲ್ಲಿ ತೂಕದ ಯಂತ್ರ ವರಾಂಡದ ಈ ತುದಿಯಲ್ಲಿದೆ, ಕಾರ್ಡು ಬರೆಯುವ ಮೇಜು ಆ ತುದಿಯಲ್ಲಿದೆ. ನಡುವೆ ಬೆಂಚುಗಳು, ಬೆಂಚಿನ ತುಂಬ ಬಸುರಿಯರು, ಅವರ ತಾಯಂದಿರು, ಅತ್ತೆಯಂದಿರು. ಸಿಸ್ಟರ್ ಮುಳ್ಳು ನೋಡಿ ತೂಕವನ್ನು ಆ ತುದಿಗೆ ಕೇಳುವ ಹಾಗೆ ಕೂಗುತ್ತಾರೆ. ಅತ್ತಿಗೆಯ ತೂಕವನ್ನೂ ಕೂಗಿದರು. ಬೆಂಚಿನವರೆಲ್ಲ ಒಟ್ಟಿಗೆ ತಲೆ ಎತ್ತಿದರು.

ಅತ್ತಿಗೆ ಯಂತ್ರದಿಂದ ಇಳಿದು ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ಸಿಸ್ಟರ್, ನಿಮ್ಮ ಸೊಂಟದ ಅಳತೆ ನಾನು ಇಷ್ಟು ಗಟ್ಟಿಯಾಗಿ ಹೇಳ್ತೀನಾ?"

ಆಮೇಲಿನಿಂದ ಅತ್ತಿಗೆಯ ತೂಕವನ್ನು ಮಾತ್ರ ಸಿಸ್ಟರ್ ತಾವೇ ಆ ತುದಿಗೆ ನಡೆದು ಹೋಗಿ ಹೇಳಿಬರತೊಡಗಿದರು.

ತೂಕ ಹೆಚ್ಚಿದ್ದವರನ್ನು ಪಥ್ಯದ ಮೇಡಂ ಹತ್ತಿರ ಕಳಿಸುತ್ತಾರೆ. ಅವರ ಕೋಣೆ ಮೊದಲು ಹಾಸಿಗೆ ಬಟ್ಟೆ ಇಡುವ ಉಗ್ರಾಣವಾಗಿತ್ತು, ಈಗಲೂ ಅರ್ಧ ಹಾಗೇ ಇದೆ. ಗೋಡೆಯ ಮೇಲೆ ಒಬ್ಬಳು ಬಸುರಿಯ ಚಿತ್ರ. ಹೊಟ್ಟೆ ಬಿಟ್ಟರೆ ಅವಳ ಮೈಯಲ್ಲಿ ಬೇರೆಲ್ಲೂ ಮಾಂಸವಿಲ್ಲ. ಕೈಯಲ್ಲಿ ಸೇಬು ಹಿಡಿದು, ಸೇಬು ಏನೋ ತಮಾಷೆ ಹೇಳಿದ ಹಾಗೆ ನಗುತ್ತಿದ್ದಾಳೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಊಟ. ಪ್ಲಾಸ್ಟಿಕ್ಕಿನ ಮೊಟ್ಟೆ, ಬ್ರೆಡ್ಡು, ಸಣ್ಣ ಕಪ್ಪಿನಲ್ಲಿ ಪ್ಲಾಸ್ಟಿಕ್ಕಿನ ಅನ್ನ, ಯಾವುದೋ ಮಗು ತುದಿ ಕಚ್ಚಿದ ಬಾಳೆಹಣ್ಣು.

ಮೇಡಂ ಒಳ್ಳೆಯವರು, ಆದರೆ ಯಾರನ್ನೂ ನಂಬುತ್ತಿರಲಿಲ್ಲ. "ಚೀಲದಲ್ಲಿ ಏನಿದೆ, ತೆಗೀರಿ," ಎಂದರು ಮೊದಲು.

ನಾನು ತೆಗೆದೆ. ನೀರಿನ ಬಾಟಲಿ, ಕಾರ್ಡು, ಅಮ್ಮ ಕಟ್ಟಿಕೊಟ್ಟ ಸಿಹಿ ಬನ್ನು ಎರಡು. ಮೇಡಂ ಬನ್ನುಗಳನ್ನು ಎತ್ತಿ ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದರು. ಖಾನೆಯಲ್ಲಿ ಆಗಲೇ ಬಿಸ್ಕತ್ತು, ಕೇಕು, ಹುರಿದ ಗೋಡಂಬಿ ಇದ್ದವು. ಬೆಳಿಗ್ಗೆಯಿಂದ ವಶಪಡಿಸಿಕೊಂಡದ್ದು.

"ಮಧ್ಯಾಹ್ನ ಎಷ್ಟು ಅನ್ನ ತಿಂತೀರಿ?"

"ಎರಡು ಕಪ್ಪು," ಎಂದಳು ಅತ್ತಿಗೆ. ನಾಲ್ಕು ತಿನ್ನುತ್ತಿದ್ದಳು. ಬೇಕೆಂದು ಹೇಳಿದ ಸುಳ್ಳಲ್ಲ. ಅಳತೆ ಎಂದ ಕೂಡಲೇ ಅವಳ ಬಾಯಿ ತಾನಾಗಿಯೇ ಎರಡು ಕಡಿಮೆ ಮಾಡುತ್ತದೆ.

"ಅಂದರೆ ನಾಲ್ಕು," ಎಂದು ಮೇಡಂ ನಾಲ್ಕು ಬರೆದುಕೊಂಡರು. "ನೋಡಿ ಅಮ್ಮಾ, ಇಬ್ಬರ ಊಟ ಅಂತ ಮನೇಲಿ ಹೇಳ್ತಾರೆ. ಕೇಳಬೇಡಿ. ಒಳಗಿರೋದು ಇಷ್ಟೇ ಇಷ್ಟಿದೆ, ಅದಕ್ಕೆ ಲಾರಿ ಡ್ರೈವರ್ ಊಟ ಬೇಡ. ಹಾಗಂತ ಉಪವಾಸವೂ ಬೇಡ. ನೀವೀಗ ಇಳಿಯೋದೂ ತಪ್ಪು, ಏರೋದೂ ತಪ್ಪು, ಮೆಲ್ಲಗೆ ಹೋಗಬೇಕು. ಅನ್ನ ಒಂದು ಕಪ್ಪು. ಮೊಟ್ಟೆ ಒಂದು. ಬ್ರೆಡ್ಡು ಒಂದು. ಸಂಜೆ ನಡೀಬೇಕು. ಗೊತ್ತಾಯ್ತಾ?"

ಗೊತ್ತಾಯಿತು ಎಂದು ಹೊರಗೆ ಬಂದರೆ ನಿಜವಾದ ಸಲಹಾ ಕೇಂದ್ರ ಬೆಂಚಿನ ಮೇಲೆ ಕಾದಿತ್ತು.

"ಎಷ್ಟು ಹೇಳಿದ್ರು? ಒಂದು ಕಪ್ಪಾ?" ಎಂದಳು ಎಂಟು ತಿಂಗಳಾದ ಒಬ್ಬಳು. "ಒಂದು ಅಂದ್ರೆ ಎರಡು ಅಂತ ಇಟ್ಕೊಳ್ಳಿ ಅಕ್ಕ. ನಾವೆಲ್ಲ ಜಾಸ್ತಿ ತಿಂತೀವಿ ಅಂತ ಅವರಿಗೆ ಗೊತ್ತು, ಅದಕ್ಕೇ ಕಡಿಮೆ ಹೇಳ್ತಾರೆ. ಅವರು ಕಡಿಮೆ ಹೇಳ್ತಾರೆ ಅಂತ ನಮಗೆ ಗೊತ್ತು, ಅದಕ್ಕೇ ಜಾಸ್ತಿ ತಿಂತೀವಿ."

ಅತ್ತಿಗೆಗೆ ಇದು ತಟ್ಟನೆ ಅರ್ಥವಾಯಿತು. ತನ್ನ ಅಂಗಡಿಯ ಪದ್ಧತಿಯೇ ತಾನೇ. ಮನೆಗೆ ಬಂದು ಎರಡು ಕಪ್ಪು ಅನ್ನ, ಎರಡು ಮೊಟ್ಟೆ, ಎರಡು ಬ್ರೆಡ್ಡಿಗೆ ಇಳಿದಳು. ಉಳಿದ ಎರಡು ಕಪ್ಪು ಹಾಳಾಗಬಾರದೆಂದು ಅಣ್ಣ ತಿಂದ. ಅಮ್ಮ ಮೂಗು ಮುರಿದಳು, ಬೀಗದವನು ಮಗು ಕಡ್ಡಿ ಆಗುತ್ತದೆ ಎಂದ. ಆದರೆ ತಿಂಗಳು ತಿಂಗಳೂ ಎಲ್ಲ ಸರಿಯಾಗಿಯೇ ನಡೆಯಿತು. ತೂಕ ಮೆಲ್ಲಗೆ ಹೋಯಿತು, ಹೊಟ್ಟೆ ಹೋಗಬೇಕಾದಷ್ಟು ಮುಂದೆ ಹೋಯಿತು. ಮೇಡಂ ಕಾರ್ಡಿನಲ್ಲಿ ಸರಿ ಗುರುತು ಹಾಕಿದರು. ಯಾರೂ ಯಾರ ಮಾತನ್ನೂ ಕೇಳದೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಆರನೆಯ ತಿಂಗಳಲ್ಲಿ ಸಕ್ಕರೆ ಪರೀಕ್ಷೆ ಮಾಡಿದರು. ಇರಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಂತು. ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ಹೆದರಬೇಡಿ. ಆದರೆ ಇನ್ನು ಆಟ ಆಡಬೇಡಿ. ಪಥ್ಯದ ಮೇಡಂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ. ಮಗು ಬೇಕು ತಾನೇ?"

ಮಗು ಬೇಕು ತಾನೇ ಎಂದು ಕೇಳಿದ ಮೇಲೆ ಅತ್ತಿಗೆ ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ ಒಂದು ಕಪ್ಪು ಅಂದರೆ ಒಂದು ಕಪ್ಪು.

ಅಮ್ಮ ಪಕ್ಷ ಬದಲಿಸಿದಳು. ಇಬ್ಬರ ಊಟ ಎನ್ನುತ್ತಿದ್ದವಳು ಈಗ ಮೇಡಂ ಅವರಿಗಿಂತ ದೊಡ್ಡ ಮೇಡಂ ಆದಳು. ಕಪ್ಪಿಗೆ ಅನ್ನ ತುಂಬಿ, ಅಂಗಡಿಯಿಂದ ತಂದ ಮರದ ಸ್ಕೇಲನ್ನು ಮೇಲೆ ಎಳೆದು ಮಟ್ಟ ಮಾಡುವಳು. ಸ್ಕೇಲಿಗೆ ಅಂಟಿದ ಅಗುಳನ್ನೂ ಅತ್ತಿಗೆಗೆ ಕೊಡುತ್ತಿರಲಿಲ್ಲ.

"ಅದು ಕಪ್ಪಿನ ಹೊರಗಿಂದು," ಎನ್ನುತ್ತಿದ್ದಳು.

"ಅತ್ತೆ, ಒಂದು ಅಗುಳು."

"ಇವತ್ತು ಒಂದು ಅಗುಳು ಅಂತೀಯ. ಮೊಮ್ಮಗುವಿಗೆ ನಾನು ಜವಾಬು ಹೇಳಬೇಕು."

ಅಣ್ಣನ ಪಾಲಿಗೆ ಈಗ ಮೂರು ಕಪ್ಪು ಬರತೊಡಗಿತು. ಬಸ್ಸಿನ ಸೀಟು ಹಿಂದಕ್ಕೆ ತಳ್ಳಿಕೊಂಡ. ಶಾಲೆಯ ಮಕ್ಕಳು ಅವನಿಗೇ ಎಷ್ಟನೇ ತಿಂಗಳು ಎಂದು ಕೇಳಿದವಂತೆ.

ಅತ್ತಿಗೆ ಹಸಿವಿನಲ್ಲೇ ಮಿಷನ್ ತುಳಿದಳು. ಒಂದು ಅಂಗಿಗೆ ಎರಡೂ ಎಡಗೈ ತೋಳೇ ಹೊಲಿದಳು. ಮಧ್ಯಾಹ್ನವಾಗುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಇಸ್ತ್ರಿ ಮೇಜು ಹಿಡಿದು ನಿಲ್ಲುವಳು. ಪ್ಲಾಸ್ಟಿಕ್ಕಿನ ಬಾಳೆಹಣ್ಣು ಕನಸಿನಲ್ಲಿ ಬಂತು, ಆ ಮಗು ಯಾಕೆ ಕಚ್ಚಿತು ಅಂತ ಈಗ ಗೊತ್ತಾಯ್ತು ಎಂದು ನಕ್ಕಳು. ನಗುವಾಗಲೂ ಕೈ ಹೊಟ್ಟೆಯ ಮೇಲೇ ಇರುತ್ತಿತ್ತು. ಆದರೆ ಬಿಡಲಿಲ್ಲ. ಮಗುವಿಗಾಗಿ ಎಂದು ಹಲ್ಲು ಕಚ್ಚಿದಳು. ಕಚ್ಚಲು ಬೇರೇನೂ ಇರಲಿಲ್ಲ.

ಮುಂದಿನ ತಪಾಸಣೆಯಲ್ಲಿ ತೂಕ ಇಳಿದಿತ್ತು. ಪಥ್ಯದ ಮೇಡಂ ಕಾರ್ಡು ನೋಡಿ ನಕ್ಕರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ತೂಕದ ದಿನ ಎಲ್ಲರೂ ಇದನ್ನೇ ಮಾಡ್ತಾರೆ. ಹೋದ ವಾರ ಒಬ್ಬಳು ಓಲೆ, ಹೇರ್‌ಪಿನ್ನು ಎಲ್ಲ ಬಿಚ್ಚಿಟ್ಟು ಹತ್ತಿದ್ದಳು."

"ನೀವು ಹೇಳಿದಷ್ಟೇ ತಿಂತಿದ್ದೀನಿ ಮೇಡಂ. ಒಂದು ಕಪ್ಪು."

"ಹೂಂ, ಒಂದು ಕಪ್ಪು. ಎಲ್ಲರೂ ಒಂದೇ ಕಪ್ಪು." ಅವರು ಪೆನ್ನು ತೆಗೆದರು. "ಸಕ್ಕರೆ ಬೇರೆ ಬಂದಿದೆ. ಇನ್ನು ಮುಕ್ಕಾಲು ಕಪ್ಪು ಮಾಡಿ."

ಅಮ್ಮ ಮನೆಯಲ್ಲಿ ಮುಕ್ಕಾಲಿಗೆ ಸೀಮೆಸುಣ್ಣದಿಂದ ಕಪ್ಪಿನ ಮೇಲೆ ಗೆರೆ ಹಾಕಿದಳು.

ಏಳು ತಿಂಗಳು ತುಂಬಿದಾಗ ಸಿಸ್ಟರ್ ಹೊಟ್ಟೆಯ ಅಳತೆ ತೆಗೆದರು. ಆಸ್ಪತ್ರೆಯಲ್ಲೂ ಅದಕ್ಕೆ ಟೇಪೇ. ಹೊಟ್ಟೆಯ ಕೆಳಗಿನಿಂದ ಮೇಲಕ್ಕೆ ಎಳೆದು ನೋಡುತ್ತಾರೆ, ಮಗು ಬೆಳೆದ ಹಾಗೆ ಅಂಕಿ ಬೆಳೆಯಬೇಕು. ಮಲಗಿದ್ದ ಅತ್ತಿಗೆಗೆ ಟೇಪಿನ ಮೇಲೆ ಸಿಸ್ಟರ್ ಹೆಬ್ಬೆರಳು ನಿಂತ ಜಾಗ ಕಂಡಿತು. ಹೋದ ಸಲವೂ ಹೆಬ್ಬೆರಳು ಅಲ್ಲೇ ನಿಂತಿತ್ತು. ಟೇಪು ಓದಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸಿಸ್ಟರ್, ಇನ್ನೊಂದು ಸಲ ಹಿಡೀರಿ."

ಸಿಸ್ಟರ್ ಇನ್ನೊಂದು ಸಲ ಹಿಡಿದರು. ಹೆಬ್ಬೆರಳು ಅಲ್ಲೇ ನಿಂತಿತು.

ಸ್ಕ್ಯಾನ್ ಮಾಡಿಸಿ ಡಾಕ್ಟರಮ್ಮ ಹೇಳಿದರು: "ದಿನಕ್ಕೆ ತಕ್ಕಷ್ಟು ಬೆಳೆದಿಲ್ಲ, ಸ್ವಲ್ಪ ಸಣ್ಣದಿದೆ. ಎರಡು ವಾರ ಬಿಟ್ಟು ಮತ್ತೆ ನೋಡೋಣ. ಆಗಲೂ ಬೆಳೀದಿದ್ರೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಬೇಗ ಹೊರಗೆ ತೆಗೀಬೇಕಾಗಬಹುದು." ಆಮೇಲೆ ಕೇಳಿದರು, "ಊಟ ಮೇಡಂ ಹೇಳಿದ ಹಾಗೇ ಮಾಡ್ತಿದ್ದೀರಿ ತಾನೇ?"

"ಹೇಳಿದ ಹಾಗೇ."

"ಒಳ್ಳೇದು. ಹಾಗೇ ಮುಂದುವರಿಸಿ."

ಅತ್ತಿಗೆ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು. ಬೀಗದವನು ಏನಾಯಿತು ಎಂದು ಕೇಳಿದ, ಅವಳ ಮುಖ ನೋಡಿ ತನ್ನ ಬೀಗಕ್ಕೆ ಮರಳಿದ. ಅಮ್ಮ ವಿಷಯ ಕೇಳಿ ಚೀಟಿಗಳನ್ನು ಸುಮ್ಮನೆ ಜೋಡಿಸಿದಳು, ಕೆದರಿ ಮತ್ತೆ ಜೋಡಿಸಿದಳು.

ಮರುದಿನ ಸಂಜೆ ನಾನೂ ಅಂಗಡಿಯಲ್ಲಿದ್ದಾಗ ಪಥ್ಯದ ಮೇಡಂ ಬಂದರು. ಬಿಳಿ ಕೋಟು ಬಿಗಿಯಾಗಿತ್ತು. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರು ಬಿಟ್ಟರೆ ಗುಂಡಿ ಇಲ್ಲ.

"ಒಗೆಯೋವಾಗ ಕುಗ್ಗಿಬಿಟ್ಟಿದೆ," ಎಂದರು.

"ಈ ಬಟ್ಟೆ ಕುಗ್ಗುತ್ತೆ ಮೇಡಂ," ಎಂದಳು ಅತ್ತಿಗೆ. ಎಲ್ಲರಿಗೂ ಹಾಗೆಯೇ ಹೇಳುತ್ತಾಳೆ. ಪರದೆಯ ಹಿಂದೆ ನಿಲ್ಲಿಸಿ ಟೇಪು ಸುತ್ತಿದಳು. ಮನಸ್ಸು ಎಲ್ಲೋ ಇತ್ತು. ಬಾಯಿ ಮಾತ್ರ ತನ್ನ ಕೆಲಸ ಮಾಡಿತು. "ಮೂವತ್ತಾರು."

ಮೇಡಂ ಮುಖ ಅರಳಿತು. ಪರದೆಯ ಆಚೆಯಿಂದ ಅಮ್ಮನ ಪೆನ್ಸಿಲಿನ ಸದ್ದು ಕೇಳಿಸಿತು. ಅಮ್ಮ ಮೂವತ್ತೆಂಟು ಎಂದು ಬರೆಯುತ್ತಿದ್ದಳು.

ಅತ್ತಿಗೆಯ ಕೈ ಹಾಗೇ ನಿಂತಿತು. ಕಾವಲುಗಾರನ ಅಂಗಿ ನೆನಪಾಯಿತು ಎಂದು ಆಮೇಲೆ ನಮಗೆ ಹೇಳಿದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆದ ಅಂಗಿ.

"ಮೇಡಂ," ಎಂದಳು, ಟೇಪು ಬಿಡದೆ. "ಒಂದು ಕಪ್ಪು ಅಂದರೆ ನಿಜವಾಗಿ ಎಷ್ಟು?"

"ಏನು?"

"ನೀವು ಒಂದು ಕಪ್ಪು ಅನ್ನ ಅಂತೀರಲ್ಲ. ನಾವು ಎಷ್ಟು ತಿನ್ನಲಿ ಅಂತ ಹೇಳ್ತೀರಿ?"

ಮೇಡಂ ಕನ್ನಡಿಯಲ್ಲಿ ಅತ್ತಿಗೆಯನ್ನು ನೋಡಿದರು. "ನೀವು ಎಷ್ಟು ತಿಂತಿದ್ದೀರಿ?"

"ಮುಕ್ಕಾಲು."

"ಅಮ್ಮಾ, ಇಲ್ಲಿ ಆಸ್ಪತ್ರೆ ಇಲ್ಲ, ಕಾರ್ಡಿಲ್ಲ. ನಿಜ ಹೇಳಿ."

ಅಮ್ಮ ಪರದೆ ಸರಿಸಿಕೊಂಡು ಒಳಗೇ ಬಂದಳು. ಬೇರೆಯವರು ಅಳತೆ ಕೊಡುವಾಗ ಅವಳು ಹಾಗೆ ಎಂದೂ ಬಂದವಳಲ್ಲ. "ಮುಕ್ಕಾಲೇ ಮೇಡಂ. ನಾನೇ ಸ್ಕೇಲಿಟ್ಟು ಮಟ್ಟ ಮಾಡ್ತೀನಿ. ಅದಕ್ಕೆ ಮುಂಚೆ ಒಂದು. ಡಾಕ್ಟರಮ್ಮ ಸಕ್ಕರೆ ಅಂದ ದಿನದಿಂದ ಒಂದು ಅಗುಳು ಹೆಚ್ಚು ಕೊಟ್ಟಿಲ್ಲ. ಈ ಪಾಪಿ ಕೈಯೇ ತಡೆದಿದ್ದು."

ಮೇಡಂ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅರ್ಧ ಹಾಕಿದ್ದ ಗುಂಡಿಯೊಂದು ಬಿಚ್ಚಿಕೊಂಡಿತು, ಅದು ಅವರ ಗಮನಕ್ಕೆ ಬರಲಿಲ್ಲ.

"ಇಷ್ಟು ವರ್ಷದಲ್ಲಿ ಯಾರೂ ನಾನು ಹೇಳಿದ ಹಾಗೆ ಮಾಡಿಲ್ಲ," ಎಂದರು. ದೂರುವ ಧ್ವನಿಯಲ್ಲಲ್ಲ, ಹೆದರಿದ ಧ್ವನಿಯಲ್ಲಿ. "ಎರಡು ಬೇಕು ಅಂದ್ರೆ ಒಂದು ಅಂತೀನಿ. ಎರಡು ಅಂದ್ರೆ ನಾಲ್ಕು ತಿಂತಾರೆ. ನೀವು ಯಾಕಮ್ಮ ಕೇಳಿದ್ರಿ?"

"ಮಗು ಬೇಕು ತಾನೇ ಅಂದ್ರು," ಎಂದಳು ಅತ್ತಿಗೆ.

ಪಕ್ಕದಲ್ಲಿ ಹಲ್ಲು ಕೊರೆಯುವ ಸದ್ದು ಕೇಳಿಸುತ್ತಿತ್ತು.

"ನನ್ನದೂ ತಪ್ಪಿದೆ," ಎಂದಳು ಅತ್ತಿಗೆ. "ಮೊದಲ ದಿನ ನಾಲ್ಕು ತಿಂದು ಎರಡು ಅಂದೆ. ಅಭ್ಯಾಸ. ನಿಮಗೂ ಈಗ ಮೂವತ್ತಾರು ಅಂದೆ."

"ಅಂದರೆ ಮೂವತ್ತಾರಲ್ವಾ?"

ಅತ್ತಿಗೆ ಅಮ್ಮನ ಕಡೆ ನೋಡಿದಳು. ಅಮ್ಮ ಸೀಲಿಂಗಿನ ಕಡೆ ನೋಡಿದಳು.

"ಮೂವತ್ತೆಂಟು," ಎಂದಳು ಅತ್ತಿಗೆ. "ನಿಮ್ಮ ಖಾನೆಯ ಬನ್ನು ಸೇರಿಸಿ."

ಮೇಡಂ ಕೋಪ ಮಾಡಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡೆ. ಅವರು ಕನ್ನಡಿಯ ಹತ್ತಿರ ಹೋಗಿ ಅದನ್ನು ನೆಟ್ಟಗೆ ನಿಲ್ಲಿಸಿ ನೋಡಿಕೊಂಡರು. ಆಮೇಲೆ ಮತ್ತೆ ಹಿಂದಕ್ಕೆ ವಾಲಿಸಿದರು.

"ಒಂದು ಕಪ್ಪು ತನ್ನಿ," ಎಂದರು.

ಅಮ್ಮ ಊಟದ ಡಬ್ಬಿಯಿಂದ ಸೀಮೆಸುಣ್ಣದ ಗೆರೆಯಿದ್ದ ಕಪ್ಪು ತಂದಳು. ಮೇಡಂ ಗೆರೆಯನ್ನು ಬೆರಳಿನಿಂದ ಒರೆಸಿ ತೆಗೆದರು. ಮಧ್ಯಾಹ್ನ ಇಂಥ ಎರಡು ಕಪ್ಪು ಅನ್ನ, ಜೊತೆಗೆ ತರಕಾರಿ, ಬೇಳೆ. ಬೆಳಿಗ್ಗೆ ಎರಡು ಮೊಟ್ಟೆ, ಎರಡು ಬ್ರೆಡ್ಡು, ಹಾಲು. ಹೊತ್ತು ಹೊತ್ತಿಗೆ ನಡುವೆ ಹಣ್ಣು ಇಲ್ಲವೇ ಒಂದು ಹಿಡಿ ಕಡಲೆಕಾಯಿ. ಬನ್ನು, ಸಕ್ಕರೆ ಬೇಡ, ಉಪವಾಸ ಬೇಡವೇ ಬೇಡ. ಊಟವಾದ ಮೇಲೆ ಮೆಲ್ಲಗೆ ನಡಿಗೆ, ಆಮೇಲೆ ಮಿಷನ್ನು. ಸಕ್ಕರೆಯನ್ನು ವಾರವಾರ ತಾನೇ ನೋಡಿಸುತ್ತೇನೆ ಎಂದರು. ನಾಳೆ ಬೆಳಿಗ್ಗೆ ಮೊದಲು ಡಾಕ್ಟರಮ್ಮನಿಗೆ ಎಲ್ಲ ಹೇಳುತ್ತೇನೆ, ತಪ್ಪು ನನ್ನದೆಂದೇ ಹೇಳುತ್ತೇನೆ ಎಂದೂ ಹೇಳಿದರು.

"ಇದು ಹೇಳೋ ಲೆಕ್ಕವೋ, ಬರೆಯೋ ಲೆಕ್ಕವೋ?" ಎಂದು ಕೇಳಿದಳು ಅಮ್ಮ.

"ಬರೆಯೋ ಲೆಕ್ಕ."

ಅಮ್ಮ ಚೀಟಿಯಲ್ಲಿ ಬರೆದುಕೊಂಡಳು. ಈ ಸಲ ಏನನ್ನೂ ಸೇರಿಸಲಿಲ್ಲ.

ಆ ಎರಡು ವಾರ ಅಮ್ಮನ ಸ್ಕೇಲು ಅಂಗಡಿಯಲ್ಲೇ ಇತ್ತು. ಅಣ್ಣನಿಗೆ ಅವನ ಪಾಲಿನ ಅನ್ನ ಮಾತ್ರ ಸಿಕ್ಕಿತು. ಅವನು ಸೀಟನ್ನು ಮುಂದಕ್ಕೆ ಎಳೆದುಕೊಂಡ. ಅತ್ತಿಗೆ ಅಂಗಿಗಳಿಗೆ ಬಲಗೈ ತೋಳನ್ನೂ ಹೊಲಿಯತೊಡಗಿದಳು. ಪ್ರತಿದಿನ ಟೇಪನ್ನು ಹೊಟ್ಟೆಯ ಮೇಲೆ ಹಿಡಿಯಬೇಕು ಎಂದು ಅವಳಿಗೆ ಅನಿಸುತ್ತಿತ್ತು, ಆದರೆ ಹಿಡಿಯಲಿಲ್ಲ. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಇಲ್ಲ, ಸಿಸ್ಟರೇ ಹಿಡಿಯಲಿ ಎಂದಳು.

ಸಿಸ್ಟರ್ ಹಿಡಿದರು. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಬಾಗಿಲಲ್ಲಿ ಹೊಸದಾಗಿ ಅಗಲ ಮಾಡಿದ ಕೋಟು ಹಾಕಿಕೊಂಡು ಪಥ್ಯದ ಮೇಡಂ ನಿಂತಿದ್ದರು. ಅವರ ಕೆಲಸ ಆ ಕೋಣೆಯಲ್ಲಿ ಇರಲಿಲ್ಲ.

"ನೋಡ್ಕೊಳ್ಳಿ ಟೇಲರಮ್ಮ," ಎಂದರು ಸಿಸ್ಟರ್.

ಹೆಬ್ಬೆರಳು ಮೇಲೆ ಹೋಗಿತ್ತು. ಸ್ಕ್ಯಾನಿನಲ್ಲೂ ಮಗು ಬೆಳೆದಿತ್ತು. ದೊಡ್ಡ ಆಸ್ಪತ್ರೆ ಬೇಡ ಎಂದರು ಡಾಕ್ಟರಮ್ಮ. ಮೇಡಂ ತಮ್ಮ ಉಗ್ರಾಣಕ್ಕೆ ಹೊರಟುಹೋದರು. ಆಮೇಲೆ ಅಲ್ಲಿಗೆ ಹೋದವರು ಹೇಳುವ ಪ್ರಕಾರ, ಮೇಡಂ ಈಗ ಒಂದು ಕಪ್ಪು ಎಂದು ಹೇಳುವ ಮೊದಲು ಇದು ನಿಜವಾದ ಒಂದು ಎನ್ನುತ್ತಾರಂತೆ. ಬೆಂಚಿನವರು ಅದನ್ನು ಇನ್ನೂ ನಂಬಿಲ್ಲ. ಖಾನೆಗೆ ಬೀಗ ಬಿದ್ದಿದೆ. ಬೀಗ ಹಾಕಿಕೊಟ್ಟವನು ನಮ್ಮ ಪಕ್ಕದವನೇ, ಕೀಲಿ ತನ್ನ ಹತ್ತಿರವೇ ಇದೆ ಎಂದು ಅವನು ಹೇಳಿಕೊಂಡು ತಿರುಗುತ್ತಾನೆ.

ಹೆರಿಗೆ ದಿನ ತುಂಬಿದ ಮೇಲೆ, ಅದೇ ಆಸ್ಪತ್ರೆಯಲ್ಲಿ, ಹಗಲು ಹೊತ್ತಿನಲ್ಲಿ ಆಯಿತು. ಹೆಣ್ಣು ಮಗು. ಇಷ್ಟು ತಿಂಗಳು ಅತ್ತಿಗೆಯ ತೂಕವನ್ನು ಪಿಸುಗುಟ್ಟುತ್ತಿದ್ದ ಸಿಸ್ಟರ್ ಅಂದು ಮಗುವನ್ನು ತಕ್ಕಡಿಯಲ್ಲಿಟ್ಟು ಹಳೆಯ ಗಂಟಲಿನಲ್ಲೇ ವರಾಂಡದ ಆ ತುದಿಗೆ ಕೂಗಿದರು: "ಎರಡು ಕೆಜಿ ಎಂಟುನೂರು."

ಬೆಂಚಿನವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಅಣ್ಣ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಅಮ್ಮ ಫೋನು ಹಿಡಿದು ನೆಂಟರಿಗೆಲ್ಲ ಸುದ್ದಿ ಮುಟ್ಟಿಸಲು ಕೂತಳು. "ಮೂರು ಕೆಜಿ," ಎನ್ನುತ್ತಿದ್ದಳು, "ಮೇಲೆ ಇನ್ನೂ ಸ್ವಲ್ಪ ಇದೆ."

ಹಾಸಿಗೆಯಿಂದ ಅತ್ತಿಗೆಯ ಸೋತ ಧ್ವನಿ ಬಂತು. "ಅತ್ತೆ, ಸಿಸ್ಟರ್ ಎಷ್ಟು ಹೇಳಿದ್ರು, ನೀವೆಷ್ಟು ಹೇಳ್ತಿದ್ದೀರಿ?"

"ಸುಮ್ನೆ ಮಲಗೇ," ಎಂದಳು ಅಮ್ಮ, ಫೋನಿಗೆ ಕೈ ಅಡ್ಡ ಹಿಡಿದು. "ಹೇಳಿದ್ದನ್ನು ಹೇಳಿದ ಹಾಗೇ ಹೇಳೋಕೆ ನಾನೇನು ನಿನ್ನ ಗಂಡನಾ?"